ಬುಗುರಿಯ ಬಲಗಾಲು

ಮನೆಯಿಂದ,
ಫೆಬ್ರುವರಿ ೧೨, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ಬೊಬ್ಬೆ ಒಣಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಜನಕ್ಕೆ ಬಡಿಸುವವಳೇ ಹಸಿದಿರುತ್ತಾಳೆ ಎನ್ನುತ್ತಿದ್ದಳು ನಿನ್ನಮ್ಮ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಎಷ್ಟು ಸಲ ಮಾಡಿದರೂ ಹಡಗಿಗೆ ಫೋನ್ ಹೋಗಲಿಲ್ಲ. ಮುಂದಿನ ಬಂದರಿನಲ್ಲಿ ಈ ಕಾಗದ ತಲುಪಿಸುತ್ತೇವೆ ಎಂದಿದ್ದಾರೆ ನಿನ್ನ ಕಂಪನಿಯವರು. ಎದೆ ಗಟ್ಟಿ ಮಾಡಿಕೊಂಡು ಓದು. ನಿನ್ನ ಮಗಳ ಜೀವಕ್ಕೆ ಅಪಾಯವಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಇದನ್ನು ಬರೆಯಲು ಕೂರುವುದು, ಎರಡು ಸಾಲು ಬರೆದು ಹರಿದು ಏಳುವುದು, ಮೂರು ದಿನದಿಂದ ಇದೇ ಆಗಿದೆ.

ಕಳೆದ ಶುಕ್ರವಾರ ಸ್ಕೇಟಿಂಗಿನ ಆಯ್ಕೆ ಸ್ಪರ್ಧೆ ಇತ್ತಲ್ಲ. ಏಳನೇ ವಯಸ್ಸಿನಿಂದ ನಮ್ಮ ಬುಗುರಿ ಕಾದದ್ದು ಇದಕ್ಕೇ. ಗೆದ್ದರೆ ಹದಿನೈದು ತುಂಬುವ ಮೊದಲೇ ದೇಶದ ತಂಡ. ಮಂಜುಗಡ್ಡೆಯ ಅಂಗಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ನೀಲಿ ಉಡುಪಿನಲ್ಲಿ ಬಂದಳು, ನೀನು ನೋಡಬೇಕಿತ್ತು. ಮೂರು ಸುತ್ತಿನ ಜಿಗಿತ ಮುಗಿಸಿ ಬಲಗಾಲಿನ ಮೇಲೆ ಇಳಿದಾಗ ಜನವೆಲ್ಲ ಎದ್ದು ನಿಂತರು. ನಾನಂತೂ ಮಂಡಿ ಮರೆತು ಬೆಂಚು ಹತ್ತಿದ್ದೆ. ಪಕ್ಕದ ಹೆಂಗಸು, "ಅಜ್ಜಾ, ಇಳೀರಿ, ಬಿದ್ರೆ ಹಿಡಿಯೋರು ಯಾರು?" ಎಂದು ನಕ್ಕಳು.

ಸಂಗೀತ ನಿಂತಿತು. ಬುಗುರಿ ವಂದಿಸಲು ಬಾಗಿದಳು, ಹಾಗೇ ಕೂತುಬಿಟ್ಟಳು. ಖುಷಿಗೆ ಕೂತಳೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮಗಳೇ. ಅವಳು ಏಳಲಿಲ್ಲ. ಮಂಜುಗಡ್ಡೆ ನುಣುಪಾಗಲೆಂದು ಅಂಗಳಕ್ಕೆ ನೀರು ಹಾಯಿಸುವ ಗಾಡಿಯ ಡ್ರೈವರ್ ಓಡಿಹೋಗಿ ಎತ್ತಿಕೊಂಡು ಬಂದ. ಮೈಕಿನಲ್ಲಿ ಅವಳಿಗೇ ಮೊದಲ ಸ್ಥಾನವೆಂದು ಕೂಗುತ್ತಿದ್ದರು. ಕೋಚ್ ಮೇಡಂ ಅವಳ ಕಿವಿಯ ಹತ್ತಿರ ಬಗ್ಗಿ, "ಹತ್ತು ನಿಮಿಷ ತಡ್ಕೋ. ಪದಕ ತಗೊಂಡ್ಮೇಲೆ ನೋಡೋಣ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಏನನ್ನು ನೋಡುವುದು? ನನಗೆ ತಲೆಬುಡ ತಿಳಿಯಲಿಲ್ಲ. ಬೂಟು ಬಿಚ್ಚಲು ಹೋದರೆ ಬರಲೊಲ್ಲದು. ನಾನೇ ಹೊಲಿದ ಬೂಟನ್ನು ನಾನೇ ಕತ್ತರಿಯಿಂದ ಸೀಳಿದೆ. ಒಳಗಿದ್ದದ್ದು ಕಾಲಿನ ಹಾಗಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಈ ಮೂಳೆ ಇವತ್ತು ಮುರಿದದ್ದಲ್ಲ. ಆರು ವಾರ ಆಗಿದೆ. ಇಷ್ಟು ದಿನ ಹೇಗೆ ನಿಂತ್ಳು ಈ ಹುಡುಗಿ?" ಎಂದರು. ಬುಗುರಿ ಗೋಡೆ ಕಡೆ ಮುಖ ಮಾಡಿ ಹೇಳಿದಳು: "ಅಭ್ಯಾಸಕ್ಕೆ ಮುಂಚೆ ಮೇಡಂ ಸೂಜಿ ಚುಚ್ಚಿಸ್ತಿದ್ರು. ಆಮೇಲೆ ಕಾಲು ಇರೋದೇ ಗೊತ್ತಾಗ್ತಿರ್ಲಿಲ್ಲ."

ಆರು ವಾರ! ದಿನಾ ನನ್ನೆದುರು ಕೂತು ಉಂಡವಳು. ತಿಂಗಳ ಹಿಂದೆ "ತಾತಾ, ಬಲಗಾಲಿನ ಬೂಟು ಬಿಗಿ" ಎಂದಾಗ, ಮಗು ಬೆಳೆಯುತ್ತಿದೆಯೆಂಬ ಸಂತೋಷದಲ್ಲಿ ಅಚ್ಚಿಗೆ ಹಾಕಿ ಚರ್ಮ ಹಿಗ್ಗಿಸಿಕೊಟ್ಟೆ. ಎರಡು ವಾರಕ್ಕೆ ಮತ್ತೆ ಹಿಗ್ಗಿಸಿದೆ. ನಲವತ್ತು ವರ್ಷ ಊರವರ ಪಾದ ಅಳೆದವನಿಗೆ, ಒಂದೇ ಕಾಲು ಬೆಳೆಯುತ್ತದೆಯೇ ಎಂದು ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳಂದದ್ದು: "ಹೇಳಿದ್ರೆ ಅಮ್ಮ ಹಡಗು ಬಿಟ್ಟು ಬಂದ್ಬಿಡ್ತಿದ್ಲು."

ಶನಿವಾರ ಆಪರೇಷನ್ ಆಯಿತು. ಮಂಗಳವಾರ ಮನೆಗೆ ಬಂದೆವು. ಖಂಡಿತ ನಡೆಯುತ್ತಾಳೆ ಎನ್ನುತ್ತಾರೆ ಡಾಕ್ಟರು. ಜಿಗಿತದ ಮಾತೆತ್ತಿದರೆ ಕಣ್ಣು ತಪ್ಪಿಸುತ್ತಾರೆ. ತಂಡದ ಜಾಗ ಎರಡನೇ ಸ್ಥಾನದವಳಿಗೆ ಹೋಯಿತು. ಆ ಹುಡುಗಿ ನಿನ್ನೆ ಬಂದು ಬುಗುರಿಯ ಹಾಸಿಗೆಯ ತುದಿಯಲ್ಲಿ ಅರ್ಧ ಗಂಟೆ ಕೂತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಂಗೂ ಚುಚ್ಚಿಸ್ತಾರೆ ತಾತಾ, ಸೊಂಟಕ್ಕೆ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆಯೇ ಅವಳ ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದೆ. ಆಯಮ್ಮ ಒಲೆ ಆರಿಸಿ ಬಂದು ಮಗಳ ಸೊಂಟ ಮುಟ್ಟಿ ನೋಡಿದಳು. ಇವತ್ತು ಬೆಳಗ್ಗೆ ಆಯಮ್ಮ, ನಾನು ಇಬ್ಬರೂ ಕ್ರೀಡಾ ಮಂಡಳಿಗೆ ಹೋಗಿ ದೂರು ಕೊಟ್ಟು ಬಂದೆವು.

ನೀನು ಅಳುತ್ತಾ ಬೆಂಕಿಯ ಮುಂದೆ ನಿಲ್ಲಬೇಡ. ಯಾವ ನೀರಿನ ಮೇಲಿದ್ದರೂ ತಣ್ಣಗಿರು. ಬುಗುರಿ ನಿನಗೊಂದು ಮುತ್ತು ಕೊಟ್ಟಿದ್ದಾಳೆ.

ನಿನ್ನ
ಅಪ್ಪ

ಇನ್ನೊಂದು ಮಾತಿದೆ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕಾಗದ ಮಡಚಿದ್ದೆ. ಸೂಜಿಗೆ ಮನೆಯವರ ಒಪ್ಪಿಗೆ ಇದೆಯೆಂದು ಮಂಡಳಿಯವರು ಒಂದು ಹಾಳೆ ತೋರಿಸಿದರು. ಅದರ ಕೆಳಗಿರುವುದು ನನ್ನ ರುಜು. ಪ್ರಯಾಣದ ಕಾಗದಗಳೆಂದು ಕೋಚ್ ಮೇಡಂ ಕಂತೆ ಚಾಚಿದಾಗ ಓದದೆ ರುಜು ಹಾಕಿದ್ದೆ. ಮಂಡಳಿಯವರು ಅಲ್ಲಿಂದಲೇ ಬುಗುರಿಗೆ ಫೋನ್ ಮಾಡಿ ವಿಚಾರಿಸಿದರೆ, ತಾತನ ರುಜು ತಾನೇ ಹಾಕಿದೆ ಎಂದುಬಿಟ್ಟಳು. ನಿನಗೂ ಅದನ್ನೇ ಹೇಳುತ್ತಾಳೆ. ನಂಬಬೇಡ. ಹಾಕಿದವನು ನಾನು.