ಬಾಗಿಲ ಮೇಲಿನ ಅರಸ

ಅಪ್ಪಾ,

ಸಪ್ನಾಳ ಪರಿಶಿಷ್ಟ ಜಾತಿ ಪ್ರಮಾಣಪತ್ರದ ವಿಚಾರಣೆಗೆ ಇವತ್ತು ಜೇವರ್ಗಿಯಿಂದ ಒಬ್ಬ ಸಾಹೇಬರು ಬಂದಿದ್ದರು. ಅದು ಸಿಕ್ಕರೇನೇ ನಿನ್ನ ಮೊಮ್ಮಗಳಿಗೆ ನರ್ಸಿಂಗ್ ಸೀಟು. ನಾವು ಕ್ರೈಸ್ತರೆಂದು ಗೊತ್ತಾದರೆ ಸಿಗುವುದಿಲ್ಲ. ಅದಕ್ಕೇ, ತೀರಿಕೊಳ್ಳುವ ವರ್ಷ ನೀನೇ ಪಡಸಾಲೆಯ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದ 'ನೀತಿಯ ಅರಸನಿಗೆ ಜಯ' ಎಂದು ಯೇಸುವನ್ನು ಕೊಂಡಾಡುವ ಸಾಲು ಮುಚ್ಚುವಂತೆ ಗಾಣಗಾಪುರದ ದತ್ತಾತ್ರೇಯನ ಕ್ಯಾಲೆಂಡರ್ ತೂಗುಹಾಕಿದ್ದೆ.

"ಮನ್ಯಾಗ ಯಾವ ದೇವರಿಗಿ ನಡ್ಕೋತೀರಿ, ಅಕ್ಕೋರೆ?" ಎಂದು ಕೇಳಿದರು. ನಾನು ಕ್ಯಾಲೆಂಡರಿನತ್ತ ಕೈ ತೋರಿಸಿದೆ. ಫ್ಯಾನಿನ ಗಾಳಿಗೆ ಅದು ಮೇಲೇಳುತ್ತಿತ್ತು, ಹಿಂದಿನ ನೀಲಿ ಅಕ್ಷರಗಳು ಇಣುಕುತ್ತಿದ್ದವು. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಏನೋ ಬರೆದುಕೊಂಡರು, ಚಹಾ ಮುಟ್ಟದೆ ಹೊರಟುಹೋದರು.

ಊಟಕ್ಕೆ ಕೂತಾಗ ಸಪ್ನಾಳಿಗೆ ಪ್ರಾರ್ಥನೆ ಮಾಡು ಎಂದೆ.

"ಯಾರಿಗಿ ಮಾಡ್ಲಿ, ಯವ್ವಾ?" ಎಂದಳು.

ರೊಟ್ಟಿ ಆರಿಹೋಯಿತು. ಕ್ಯಾಲೆಂಡರ್ ಇನ್ನೂ ತೆಗೆದಿಲ್ಲ. ಸಾಹೇಬರು ಮತ್ತೆ ಬಂದರೂ ಬಂದಾರು ಎಂದು ಅವಳಿಗೆ ಹೇಳಿದ್ದೇನೆ.

ಸಣ್ಣವಳಿದ್ದಾಗ ನಾನು ಹೆದರಿದರೆ ನೀನು, "ಅಂಜಬ್ಯಾಡ ಮಗಳೇ, ನಮ್ಮ ಅರಸ ಎಲ್ಲಾ ನೋಡಾಕತ್ತಾನ" ಅನ್ನುತ್ತಿದ್ದೆ. ಇವತ್ತೊಂದು ದಿನ ಆ ಮಾತು ಹೇಳಬೇಡ, ಅಪ್ಪಾ.