ಕಾಲು ಸೋತ ದಿನ ಬರುತ್ತೇನೆಂದವರು

ಹುಮನಾಬಾದ್
17 ನವೆಂಬರ್ 1944, ಶುಕ್ರವಾರ

ನನ್ನ ಗಂಗೂ,

ಕಲ್ಯಾಣಿ ಊರಿನ ಶ್ರೀಮತಿ ಗಂಗುಬಾಯಿಯವರಿಗೆ ಜೈನಬಿಯ ಸಲಾಂ. ‘ಶ್ರೀಮತಿ’ ಎಂದದ್ದಕ್ಕೆ ನಗಬೇಡ, ಸೊಸೆ ತಂದುಕೊಂಡ ಮನೆಯ ಯಜಮಾನಿ ನೀನೀಗ. ಅಕ್ಷರ ಸೊಟ್ಟಗಿದ್ದರೆ ಬೈಯಲೂ ಬೇಡ. ಕೋಟೆಯ ಹಿಂದಿನ ಓಣಿಯಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರಬಾಯಿ ನೀನೇ. ಉರ್ದುವಿನಲ್ಲಿ ಬರೆದರೆ ಯಾರಿಂದಲೋ ಓದಿಸಿಕೊಳ್ಳುತ್ತೀ, ಆ ಭಯಕ್ಕೇ ಈ ಸಾಹಸ.

ತಲೆ ಕೆಟ್ಟುಹೋಗಿದೆ ಗಂಗೂ. ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ನೀನಾದರೂ ಹೇಳು.

ನಮ್ಮವರ ಕಥೆ ನಿನಗೆ ಗೊತ್ತೇ ಇದೆ. ಮದುವೆಯಾದ ವರ್ಷವೇ ಹೈದರಾಬಾದಿನ ಮಿಲ್ಲಿನವರು ಪಗಾರ ಕೊಟ್ಟು ಫುಟ್‌ಬಾಲ್ ಆಡಲು ಕರೆದೊಯ್ದರು. ಚೆಂಡು ಒದೆಯಲಿಕ್ಕೂ ಪಗಾರವೇ ಎಂದು ನಿನ್ನ ಅಪ್ಪ ಓಣಿಗೆಲ್ಲ ಹೇಳಿ ನಕ್ಕಿದ್ದರು. ಆಟಗಾರರಿಗೆಲ್ಲ ಸೇರಿ ಒಂದೇ ಖೋಲಿ, ಅಲ್ಲಿ ಹೆಂಗಸರಿಗೆ ಜಾಗವಿಲ್ಲ. ಅತ್ತೆಯನ್ನು ಬಿಟ್ಟು ನಾನು ಹೋಗುವಂತೆಯೂ ಇರಲಿಲ್ಲ. ಹೊರಡುವಾಗ ಇವರು ಹೇಳಿದ್ದು ಒಂದೇ ಮಾತು: “ಕಾಲು ಸೋತ ದಿನ ಮನೀಗಿ ಬರ್ತೀನಿ ಜೈನೂ. ಆಟಗಾರನ ಕಾಲು ಎಷ್ಟ್ ದಿನ ಇರ್ತಾವ? ಭಾಳಂದ್ರ ಹತ್ತು ವರ್ಷ.”

ಇಪ್ಪತ್ತು ವರ್ಷವಾಯಿತು! ಇವರ ಜೊತೆ ಸೇರಿದವರೆಲ್ಲ ಮೊಣಕಾಲು ಮುರಿದುಕೊಂಡೋ ಹೊಟ್ಟೆ ಬೆಳೆಸಿಕೊಂಡೋ ಎಂದೋ ತಮ್ಮ ತಮ್ಮ ಊರು ಸೇರಿದರು. ಇವರೊಬ್ಬರ ಕಾಲು ಮಾತ್ರ ಸೋಲಲೇ ಇಲ್ಲ. ಒಂದು ಆಟವನ್ನೂ ತಪ್ಪಿಸಿಲ್ಲವಂತೆ. ಅಬ್ದುಲ್ ರಜಾಕ್ ಅಂದರೆ ಕಬ್ಬಿಣ ಎಂದು ಓಣಿಯವರು ಹೊಗಳಿದಾಗ ನಾನು ನಗಬೇಕೋ ಅಳಬೇಕೋ? ನಮಾಜು ಮುಗಿಸಿ ಕೈಯೆತ್ತಿದರೆ ಏನು ಬೇಡಬೇಕೆಂದೇ ತಿಳಿಯದು. ಅವರ ಕಾಲು ಚೆನ್ನಾಗಿರಲಿ ಎಂದರೆ ಅವರು ಬರುವುದಿಲ್ಲ. ಅವರು ಬರಲಿ ಎಂದರೆ ಕಾಲಿಗೆ ಕೇಡು ಬಯಸಿದಂತೆ. ನನ್ನ ದುಆ ಕೇಳಿ ಕೇಳಿ ಅಲ್ಲಾಹನಿಗೂ ಬೇಸರ ಬಂದಿರಬೇಕು.

ಅತ್ತೆ ಹೋಗಿ ಮೂರು ವರ್ಷವಾಯಿತು. ಮಗಳು ರಹೀಮಾ ಚಿಟಗುಪ್ಪದಲ್ಲಿ ತನ್ನ ಸಂಸಾರ ನೋಡಿಕೊಂಡಿದ್ದಾಳೆ. ಎರಡು ವರ್ಷದಿಂದ ಇವರು ಈದಿಗೂ ಬರಲಿಲ್ಲ. ಲಡಾಯಿಯ ಕಾಲ, ಮೋಟಾರಿಗೆ ಪೆಟ್ರೋಲು ಸಿಗುವುದಿಲ್ಲ ಎಂದು ಬರೆದರು. ನಾನೂ ನಂಬಿದೆ.

ಹೋದ ಭಾನುವಾರ ಮಿಲ್ಲಿನ ತಂಡ ಗುಲ್ಬರ್ಗಾಕ್ಕೆ ಹೋಗುವ ದಾರಿಯಲ್ಲಿ ನಮ್ಮೂರಿನಲ್ಲೂ ಒಂದು ಆಟವಾಡಿತು. ಇವರು ಆಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಪಕ್ಕದ ಮನೆಯ ಲತೀಫಾ ಟಾಂಗಾಕ್ಕೆ ಪರದೆ ಕಟ್ಟಿಸಿದಳು. ಮೈದಾನದ ಅಂಚಿಗೆ ನಿಲ್ಲಿಸಿಕೊಂಡು ಸಂದಿಯಿಂದ ನೋಡಿದೆವು. ನನ್ನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಇವರು ಏದುಸಿರು ಬಿಡುವುದನ್ನು ಕಣ್ಣಾರೆ ಕಂಡುಬಿಟ್ಟರೆ ಸಂಜೆ ಊಟಕ್ಕೆ ಬಂದಾಗ ‘ಸಾಕು, ಮನೆಗೆ ಬನ್ನಿ’ ಎಂದು ಬಾಯಿಬಿಟ್ಟು ಹೇಳುವುದು.

ಆದದ್ದೇನು ಗೊತ್ತೇ? ಮಗನ ವಯಸ್ಸಿನವರು ಸೊಂಟ ಹಿಡಿದು ನಿಂತರು, ಇವರು ನಿಲ್ಲಲಿಲ್ಲ. ಗಡ್ಡ ನರೆತಿದೆ, ಓಟ ನರೆತಿಲ್ಲ. ನನಗೇನಾಯಿತೋ, ಪರದೆಯೊಳಗಿಂದಲೇ “ಬಿಡಬ್ಯಾಡ್ರಿ! ಹೊಡೀರಿ!” ಎಂದು ಕೂಗಿಬಿಟ್ಟೆ. ಲತೀಫಾ ತೊಡೆ ಚಿವುಟಿದ್ದು ಇನ್ನೂ ನೋಯುತ್ತಿದೆ. ಸಾಕು ಎನ್ನಲು ಹೋದವಳು ಹೀಗೆ ಕೂಗಿದೆ, ನೋಡು.

ಆಟದ ನಡುವೆ ತಂಡದ ಇನ್ನೊಬ್ಬ ಬಂದು ಇವರ ಪಾದದ ಬಳಿ ಕುಳಿತ. ನಮ್ಮೂರಿನವರಿಗೆ ತಾಲೀಮಿನ ಕುಸ್ತಿ ಬಿಟ್ಟು ಬೇರೆ ಆಟ ಗೊತ್ತಿಲ್ಲವಲ್ಲ. ಪೈಲ್ವಾನರು ಮಣ್ಣಿಗಿಳಿಯುವ ಮುನ್ನ ಉಸ್ತಾದರ ಕಾಲು ಮುಟ್ಟುವಂತೆ ಇದೂ ಎಂದುಕೊಂಡರು. “ನೋಡ್ರಿ, ಉಸ್ತಾದರ ಕಾಲ ಮುಟ್ಟಾಕತ್ತಾನ!” ಎಂದು ಜನರೆಲ್ಲ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ತಾಲೀಮಿನ ಪೈಲ್ವಾನರೆಲ್ಲ ಸಾಲಾಗಿ ಬಂದು ಇವರ ಕಾಲು ಮುಟ್ಟಿದರು. ಇವರು ನೆಟ್ಟಗೆ ನಿಂತು ನಗುತ್ತಿದ್ದರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿಬಂತು.

ಸಂಜೆ ಮನೆಗೆ ಬಂದರು. ನೆಲಕ್ಕೆ ದಸ್ತರ್‌ಖಾನ್ ಹಾಸಿ ಬಡಿಸಿದರೆ ಕೂರಲಿಲ್ಲ, ತಾಟು ಕೈಗೇ ಕೊಡು ಎಂದರು. “ನಿಂತು ಉಣ್ಣಾಕ ಇದೇನು ಸಂತೀ ಏನ್ರಿ?” ಎಂದು ರೇಗಿದೆ. ಆಗ ಗೋಡೆ ಹಿಡಿದು, ಒಂದು ಕಾಲು ಮುಂದಕ್ಕೆ ಚಾಚಿ, ದೊಪ್ಪನೆ ಕುಸಿದರು. ಮುಖ ಬೆವತುಹೋಯಿತು. ನಾನು ಗಾಬರಿಯಾದದ್ದು ಕಂಡು ತಾವೇ ಹೇಳಿದರು: “ಓಡಾಕ ಬರ್ತದ ಜೈನೂ, ನೆಲಕ್ಕ ಕೂಡಾಕ ಬರಂಗಿಲ್ಲ. ಬಗ್ಗಾಕೂ ಬರಂಗಿಲ್ಲ. ಯಾರ ಮುಂದೂ ಅನಬ್ಯಾಡ.” ನಮಾಜನ್ನೂ ಕುರ್ಚಿಯ ಮೇಲೆ ಕುಳಿತೇ ಮಾಡುತ್ತಾರಂತೆ. ಮೈದಾನದಲ್ಲಿ ಆ ಆಟಗಾರ ಕಾಲು ಮುಟ್ಟಿದ್ದಲ್ಲ, ಬಿಚ್ಚಿದ ಬೂಟಿನ ದಾರ ಕಟ್ಟಿದ್ದು. ಈದಿಗೆ ಬಾರದಿದ್ದದ್ದೂ ಪೆಟ್ರೋಲಿನಿಂದಲ್ಲ, ನನಗೆ ತಿಳಿದುಬಿಡುತ್ತದೆಂದು.

ಊಟದ ನಡುವೆ ಇನ್ನೊಂದು ಮಾತು ತೆಗೆದರು. “ಮಿಲ್ಲಿನ ಸಾಹೇಬರು ಇನ್ನೆರಡು ವರ್ಷ ಆಡು ಅಂತಾರ. ನೀ ಬ್ಯಾಡ ಅಂದ್ರ ಬಿಟ್ಟು ಬರ್ತೀನಿ. ನೀನೇ ಹೇಳು.”

ಇಪ್ಪತ್ತು ವರ್ಷ ಕಾದ ಪ್ರಶ್ನೆ ಅದು ಗಂಗೂ. ಇದನ್ನು ಕಾಲು ಸೋತದ್ದು ಎನ್ನಬೇಕೋ, ಸೋಲಲಿಲ್ಲ ಎನ್ನಬೇಕೋ? ಬಿಡಿ ಎಂದರೆ ಬಂದುಬಿಡುತ್ತಾರೆ. ಬಂದು ಏನು ಮಾಡುತ್ತಾರೆ? ಓಡುವಾಗ ಮಾತ್ರ ನೆಟ್ಟಗಿರುವ ಮನುಷ್ಯನನ್ನು ನನ್ನ ಸುಖಕ್ಕೆಂದು ಗೋಡೆಗೆ ಒರಗಿಸಿ ಕೂರಿಸಲೇ? ಆಡಿ ಎಂದರೆ ಒಂದು ದಿನ ಇದ್ದ ಕಾಲೂ ಹೋಗುತ್ತದೆ, ಅದು ನಾನೇ ಹೇಳಿ ಕಳೆದಂತೆ. ಸುಳ್ಳು ಬರೆದದ್ದಕ್ಕೆ ಸಿಟ್ಟು ಬೇರೆ. ಸಿಟ್ಟು ಬಂದಾಗೆಲ್ಲ ಆ ಓಟ ಕಣ್ಣಿಗೆ ಕಟ್ಟುತ್ತದೆ, ಸಿಟ್ಟು ಇಳಿದುಹೋಗುತ್ತದೆ. ಆವತ್ತು ತಾಟಿಗೆ ಇನ್ನಷ್ಟು ಅನ್ನ ಬಡಿಸಿದೆ, ಅಷ್ಟೇ. ಮರುದಿನ ತಂಡದ ಜೊತೆ ಹೊರಟುಹೋದರು.

ನಿನ್ನ ಸೊಸೆಗೆ ನನ್ನ ಆಶೀರ್ವಾದ. ಅವಳನ್ನು ಹೆಚ್ಚು ಗದರಬೇಡ, ನಿನ್ನ ಬಾಯಿ ನನಗೆ ಗೊತ್ತು.

ಏನೂ ತೋಚದೆ ಕುಳಿತ ನಿನ್ನ ಗೆಳತಿ,
ಜೈನಬಿ

ತಾ.ಕ. ಕಾಗದ ಮಡಚುವ ಮುನ್ನ ನಿಜ ಹೇಳಿಬಿಡುತ್ತೇನೆ. ಉತ್ತರವನ್ನು ಹುಮನಾಬಾದಿಗೆ ಬರೆಯಬೇಡ. ಬೀಗದ ಕೈ ಲತೀಫಾಳಿಗೆ ಕೊಟ್ಟಾಯಿತು, ನಾಳೆಯ ಮೋಟಾರಿಗೆ ಹೈದರಾಬಾದಿಗೆ ಹೊರಟಿದ್ದೇನೆ. ಗುಲ್ಬರ್ಗಾದ ಆಟ ಮುಗಿಸಿ ಅವರೂ ಅಷ್ಟರಲ್ಲಿ ಅಲ್ಲಿಗೆ ಮರಳಿರುತ್ತಾರೆ, ಆದರೆ ಅವರಿಗೆ ತಿಳಿಸಿಲ್ಲ. ಅಲ್ಲಿ ಖೋಲಿ ಸಿಗುತ್ತದೋ ಇಲ್ಲವೋ, ಆಡಿ ಎನ್ನುತ್ತೇನೋ ಬಿಡಿ ಎನ್ನುತ್ತೇನೋ, ಒಂದೂ ಗೊತ್ತಿಲ್ಲ. ಊಟವಾದ ಮೇಲೆ ಏಳಲಾಗದೆ ಅವರು ನನ್ನ ಹೆಗಲು ಹಿಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮೇಲೆ ಭಾರ ಹಾಕಿದರು ಗಂಗೂ. ಇಳಿಸಲು ಮನಸ್ಸಾಗುತ್ತಿಲ್ಲ.