ಬೀರುವಿನೊಳಗಿನ ಚಿತ್ರಕಾರ್ಡುಗಳು

ಜುಲೈ ೧೭, ಗುರುವಾರ

ಬಸ್ಸು ಹನೂರು ದಾಟಿ ಕೊಳ್ಳೇಗಾಲ ಮುಟ್ಟಿದರೂ ಸಿಟ್ಟು ಇಳಿಯಲಿಲ್ಲ. ಕನ್ನಡ ಕಲಿಸಲೆಂದು ನಮ್ಮ ಶಾಲೆಗೆ ಬಂದ ಚಿತ್ರಕಾರ್ಡುಗಳು ಒಂದು ವರ್ಷದಿಂದ ಹೆಡ್‌ಮಾಸ್ಟರ ಬೀರುವಿನಲ್ಲೇ ಇವೆ. ಕೇಳಿದಾಗೆಲ್ಲ ಅವರದು ಒಂದೇ ಮಾತು: "ಮಕ್ಳ ಕೈಗೆ ಕೊಟ್ರೆ ಅರಿದಾಕ್ಬುಡ್ತವೆ ಕಣಮ್ಮ."

ಹರಿಯಲಿ! ಕೊಳೆಯಾಗದ, ಮೂಲೆ ಮಡಚದ ಕಾರ್ಡು ಯಾವ ಮಗುವಿಗೂ ಏನೂ ಕಲಿಸಿಲ್ಲವೆಂದೇ ನನ್ನ ನಂಬಿಕೆ. ನಮ್ಮ ಮನೆಯ ರೇಷ್ಮೆ ಸೀರೆ ಬಾಕ್ಸಿನ ರಟ್ಟು ಕತ್ತರಿಸಿ ನಾನು ಮಾಡಿದ ಕಾರ್ಡುಗಳು ಎರಡೇ ತಿಂಗಳಲ್ಲಿ ಚಿಂದಿಯಾದವು. ಅಷ್ಟರಲ್ಲಿ ಮಕ್ಕಳು ಓದಲು ಕಲಿತಿದ್ದರು.

ಇವತ್ತು ತಪಾಸಣೆ. ಬೀರುವಿನ ಕಾರ್ಡುಗಳೆಲ್ಲ ಮೇಜಿನ ಮೇಲೆ ಬಂದು ಕೂತವು. "ಆನೆ ಅಂತ ಬರ್ದಿರೋ ಕಾರ್ಡು ತಗೋಮ್ಮ," ಎಂದರು ತಪಾಸಣೆಗೆ ಬಂದ ಸಾಹೇಬರು, ಮೂರನೇ ಕ್ಲಾಸಿನ ಜಡೆಮ್ಮನಿಗೆ. ಅಪ್ಪನ ಜೋಳದ ಹೊಲದಲ್ಲೇ ಆನೆ ಕಂಡವಳು ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. 'ಓದಲು ಬರುವುದಿಲ್ಲ' ಎಂದು ಬರೆದುಕೊಂಡು ಹೋದರು.

ಆಮೇಲೆ ಅವಳನ್ನು ಕೇಳಿದೆ, "ಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತು ಮಿಸ್ಸು. ಯಾರೂ ಮುಟ್ಬೇಡಿ ಅಂತ ಬೆಳಿಗ್ಗೆ ನೀವೇ ಏಳಿದ್ರಲ್ಲ."

ಹೇಳಿದ್ದೆ. ಕಾರ್ಡು ಜೋಡಿಸುತ್ತ, ಹೆಡ್‌ಮಾಸ್ಟರ ಮುಖ ನೋಡಿಕೊಂಡು, ನಾನೇ ಹೇಳಿದ್ದೆ.